ದಡಕ್ಕೆ ಬಿದ್ದ ಡಾಲ್ಫಿನನ್ನು ಕಡಲಿಗೆ ತಳ್ಳಬಾರದು, ಏಕೆ?

ಮುಂಗಾರು ಹಿಡಿಯಿತೆಂದರೆ ಜುಹೂ, ವರ್ಸೋವಾ, ಅಲಿಬಾಗ್‌ನಿಂದ ಹಿಡಿದು ಗೋವಾದ ಕಾಂದೋಳಿ, ಬಾಣಾವಲಿಯವರೆಗೆ ಎಲ್ಲಾದರೊಂದು ಕಡೆ ಡಾಲ್ಫಿನ್ ದಡಕ್ಕೆ ಬಂದ ಸುದ್ದಿ ಬರುತ್ತದೆ. ಹಿಂದೆಯೇ ವಾಟ್ಸಾಪ್‌ನಲ್ಲಿ ವಿಡಿಯೊ ಓಡಾಡುತ್ತದೆ. ಹತ್ತು ಹನ್ನೆರಡು ಮಂದಿ ಸೇರಿ ಬಾಲ ಹಿಡಿದು ಎಳೆಯುತ್ತಾರೆ, ಅಲೆಗೆ ನೂಕುತ್ತಾರೆ, ಅದು ನೀರಲ್ಲಿ ಮರೆಯಾದ ಕೂಡಲೇ ಚಪ್ಪಾಳೆ ತಟ್ಟುತ್ತಾರೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಡಾಲ್ಫಿನ್‌ನ ಪಾಡು ಅಲ್ಲಿಗೆ ಮುಗಿಯುವುದಿಲ್ಲ. ಹೀಗೆ ನೂಕಿಸಿಕೊಂಡ ಪ್ರಾಣಿ ಎಷ್ಟೋ ಸಲ ಅರ್ಧ ಕಿಲೋಮೀಟರ್ ಆಚೆ ಮತ್ತೆ ದಡ ಹತ್ತುತ್ತದೆ, ಇಲ್ಲವೇ ಮರುದಿನ ಹೆಣವಾಗಿ ತೇಲಿ ಬರುತ್ತದೆ.

ನೂಕಿದವರ ಮನಸ್ಸು ಒಳ್ಳೆಯದೇ. ಆದರೆ ಆ ಪ್ರಾಣಿಯ ದೇಹ ಹೇಗೆ ಕೆಲಸ ಮಾಡುತ್ತದೆಂದು ತಿಳಿದಿದ್ದರೆ ಅವರೇ ಹಾಗೆ ಮಾಡುತ್ತಿರಲಿಲ್ಲ. ಮುಂಬೈ, ಗೋವಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ, ಸಾಸೂನ್ ಡಾಕ್‌ನ ಬೋಟುಗಳಲ್ಲಿ ದುಡಿಯುವವರಿಗೆ, ಗೋವಾದ ಬೀಚ್ ಶ್ಯಾಕುಗಳಲ್ಲಿ ಕೆಲಸದಲ್ಲಿರುವವರಿಗೆ, ರಜೆಗೆಂದು ಬೆಳಗಾವಿ, ಹುಬ್ಬಳ್ಳಿಯಿಂದ ಬರುವ ಕುಟುಂಬಗಳಿಗೆ ಈ ತಿಳಿವಳಿಕೆ ಎಂದಾದರೂ ಬೇಕಾಗುತ್ತದೆ. ದಡದಲ್ಲಿ ಪ್ರಾಣಿಯನ್ನು ಮೊದಲು ಕಾಣುವವರು ಇಲಾಖೆಯವರಲ್ಲ, ಬೆಳಗಿನ ವಾಕಿಂಗ್‌ಗೆ ಬಂದವರು. ಮೊದಲ ಅರ್ಧ ಗಂಟೆ ಅವರ ಕೈಯಲ್ಲೇ ಇರುತ್ತದೆ.

ಸೀಲ್ ಬೇರೆ, ಆಮೆ ಬೇರೆ, ಡಾಲ್ಫಿನ್ ಬೇರೆ

ಇಂಗ್ಲೆಂಡ್, ದಕ್ಷಿಣ ಆಫ್ರಿಕಾದ ಕಡಲತೀರದ ವಿಡಿಯೊಗಳಲ್ಲಿ ಸೀಲ್ ಎಂಬ ಪ್ರಾಣಿ ಮರಳ ಮೇಲೆ ಆರಾಮವಾಗಿ ಮಲಗಿರುವುದನ್ನು ನೋಡಿರುತ್ತೇವೆ. ಸೀಲ್‌ಗೆ ದಡ ಮನೆಯಿದ್ದಂತೆಯೇ. ಮರಿ ಹಾಕುವುದು, ಹಳೆಯ ಕೂದಲು ಉದುರಿಸಿಕೊಳ್ಳುವುದು, ಮೀನು ಹಿಡಿದು ದಣಿದ ಮೇಲೆ ಮಲಗುವುದು ಎಲ್ಲವೂ ದಡದ ಮೇಲೆಯೇ. ಅಲ್ಲಿಯೂ ಜನ ಒಂಟಿ ಮರಿಯನ್ನು ಕಂಡು, ಪಾಪ ನೀರಿಗೆ ಹೋಗಲಿ ಎಂದು ನೂಕಿಬಿಡುವುದುಂಟು. ಆ ಮರಿ ಈಜಲು ಇನ್ನೂ ತಯಾರಿರುವುದಿಲ್ಲ, ತಾಯಿ ಹತ್ತಿರದಲ್ಲೇ ಇರುತ್ತದೆ. ಹಾಗಾಗಿ ದೂರ ನಿಂತು ನೋಡಿ, ಮುಟ್ಟಬೇಡಿ ಎಂಬುದೇ ಅಲ್ಲಿನ ನಿಯಮ.

ಸೀಲ್‌ಗಳು ಈ ಸ್ಥಿತಿಗೆ ಬರುವ ಮೊದಲು ಬಹಳ ನೋವುಂಡಿವೆ. ಚರ್ಮಕ್ಕೂ ಕೊಬ್ಬಿನ ಎಣ್ಣೆಗೂ ಶತಮಾನಗಟ್ಟಲೆ ಅವುಗಳನ್ನು ಕೊಂದರು. ಬ್ರಿಟನ್ 1914ರಲ್ಲಿ ಬೂದು ಸೀಲ್‌ಗಳ ರಕ್ಷಣೆಗೆಂದೇ ಕಾಯ್ದೆ ತಂದಿತು. ಕೆರಿಬಿಯನ್ ಕಡಲಿನ ಮಾಂಕ್ ಸೀಲ್‌ಗೆ ಅಂಥ ರಕ್ಷಣೆ ಸಿಗುವ ಹೊತ್ತಿಗೆ ತಡವಾಗಿತ್ತು. 1952ರ ನಂತರ ಅದು ಖಚಿತವಾಗಿ ಯಾರ ಕಣ್ಣಿಗೂ ಬೀಳಲಿಲ್ಲ, 2008ರಲ್ಲಿ ಅಳಿದುಹೋಯಿತೆಂದು ಘೋಷಿಸಿದರು.

ನಮ್ಮ ಅರಬ್ಬಿ ಸಮುದ್ರದ ಈ ಕರಾವಳಿಯಲ್ಲಿ ಸೀಲ್ ನೆಲೆಯಿಲ್ಲ. ಗೋವಾದ ಮಾಂಡವಿ ನದಿಯಲ್ಲಿ, ಚೋಡಣ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಪೊದೆಗಳ ನಡುವೆ ಸೀಲ್ ಕಂಡೆವು ಎನ್ನುವವರು ನೋಡಿರುವುದು ನೀರುನಾಯಿಯನ್ನು. ಅದು ಕಾಲಿರುವ ಪ್ರಾಣಿ, ದಡದ ಮೇಲೆ ಓಡಾಡಬಲ್ಲದು, ಅದಕ್ಕೂ ನಮ್ಮ ಸಹಾಯ ಬೇಕಿಲ್ಲ. ಇನ್ನು ಆಮೆ. ಗೋವಾದ ಮೋರ್ಜಿ, ಆಗೊಂದ, ಗಾಲ್ಜಿಬಾಗ್‌ಗಳಲ್ಲಿ, ರತ್ನಾಗಿರಿಯ ವೇಳಾಸದಲ್ಲಿ ಚಳಿಗಾಲದ ರಾತ್ರಿ ಆಲಿವ್ ರಿಡ್ಲಿ ಹೆಣ್ಣಾಮೆ ಮರಳು ಹತ್ತಿದರೆ ಮೊಟ್ಟೆಯಿಡಲು ಬಂದಿದೆ ಎಂದರ್ಥ. ಟಾರ್ಚ್ ಆರಿಸಿ ಹಿಂದೆ ಸರಿದರೆ ಸಾಕು.

ಡಾಲ್ಫಿನ್‌ಗೆ ಮಾತ್ರ ದಡದಲ್ಲಿ ಯಾವ ಕೆಲಸವೂ ಇಲ್ಲ. ಹುಟ್ಟು, ನಿದ್ದೆ, ಊಟ, ಮರಿಗೆ ಹಾಲೂಡುವುದು ಎಲ್ಲವೂ ನೀರಿನಲ್ಲೇ. ಅದು ಮರಳ ಮೇಲಿದ್ದರೆ ಏನೋ ಕೆಟ್ಟಿದೆ ಎಂದೇ ತಿಳಿಯಬೇಕು.

ನಮ್ಮ ದಡದ ನೆರೆಹೊರೆಯವು

ಮುಂಬೈ–ಗೋವಾ ದಡದಿಂದ ಕಣ್ಣಿಗೆ ಬೀಳುವ ಡಾಲ್ಫಿನ್ ಬಹುಮಟ್ಟಿಗೆ ಒಂದೇ ಜಾತಿಯದು, ಗೂನುಬೆನ್ನಿನ ಡಾಲ್ಫಿನ್. ಸೀಸದಂಥ ಬೂದು ಮೈ, ಉದ್ದ ಮೂತಿ, ಬೆನ್ನಿನ ನಡುವೆ ಗೂನಿನಂಥ ಉಬ್ಬು, ಅದರ ಮೇಲೊಂದು ಸಣ್ಣ ರೆಕ್ಕೆ. ಬೆಳೆದದ್ದು ಸುಮಾರು ಎರಡೂವರೆ ಮೀಟರ್ ಉದ್ದವಿರುತ್ತದೆ, 200 ಕೆ.ಜಿ. ದಾಟುವುದೂ ಉಂಟು. ಉಸಿರಿಗೆ ಮೇಲೆ ಬರುವಾಗ ಮೊದಲು ಮೂತಿ ಓರೆಯಾಗಿ ನೀರಿನಿಂದ ಹೊರಬರುತ್ತದೆ, ಆಮೇಲೆ ಗೂನು ಕಮಾನಿನಂತೆ ಬಾಗಿ ಒಳಗಿಳಿಯುತ್ತದೆ. ಇದನ್ನೊಮ್ಮೆ ನೋಡಿದವರು ಮತ್ತೆ ಬೇರೆ ಜಾತಿಯೊಂದಿಗೆ ಗೊಂದಲ ಮಾಡಿಕೊಳ್ಳುವುದಿಲ್ಲ.

ಇದು ಆಳ ಕಡಲಿನದಲ್ಲ. ಸಾಮಾನ್ಯವಾಗಿ 25–30 ಮೀಟರ್‌ಗಿಂತ ಕಡಿಮೆ ಆಳದ ನೀರಿನಲ್ಲಿ, ಅಳಿವೆಬಾಯಿಗಳ ಸುತ್ತ, ದಡಕ್ಕಂಟಿಕೊಂಡೇ ಬದುಕುತ್ತದೆ. ಬಂದರು, ಬೋಟು, ಬಲೆ, ಚರಂಡಿ ನೀರು, ಪ್ರವಾಸಿ ದೋಣಿ ಎಲ್ಲವೂ ಇರುವುದು ಈ ಕಿರಿದಾದ ಪಟ್ಟಿಯಲ್ಲೇ. ಹೆಣ್ಣು ಸುಮಾರು ಒಂದು ವರ್ಷ ಹೊತ್ತು ಒಂದೇ ಮರಿ ಹಾಕುತ್ತದೆ, ಮುಂದಿನ ಮರಿಗೆ ಸಾಮಾನ್ಯವಾಗಿ ಮೂರು ವರ್ಷವಾದರೂ ಬೇಕು. ಬೆಳೆದ ಒಂದು ಹೆಣ್ಣು ಸತ್ತರೆ ಆ ಜಾಗ ತುಂಬಲು ಎಷ್ಟು ವರ್ಷ ಹಿಡಿಯುತ್ತದೆಂದು ಇದರಿಂದಲೇ ಊಹಿಸಬಹುದು. ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಜಾತಿ ಅಳಿವಿನಂಚಿನದು ಎಂಬ ವರ್ಗದಲ್ಲಿದೆ.

ಎರಡನೆಯದು ರೆಕ್ಕೆಯಿಲ್ಲದ ಪಾರ್ಪಾಯಿಸ್. ಪಾರ್ಪಾಯಿಸ್ ಡಾಲ್ಫಿನ್‌ನ ಹತ್ತಿರದ ಬಂಧು. ಇದರ ತಲೆ ಗುಂಡಗೆ, ಮೂತಿಯ ಚಾಚು ಇಲ್ಲ, ಬೆನ್ನ ಮೇಲೆ ರೆಕ್ಕೆಯಿಲ್ಲ, ಬದಲಿಗೆ ಒರಟು ಗುಳ್ಳೆಗಳಿರುವ ಒಂದು ಏಣು. ಉದ್ದ ಒಂದೂವರೆ ಮೀಟರ್ ಆಸುಪಾಸು. ದೋಣಿ ಕಂಡರೆ ದೂರ ಸರಿಯುವ ನಾಚಿಕೆಯ ಪ್ರಾಣಿ. ಹಾಗಾಗಿ ಹೆಚ್ಚಿನವರು ಅದನ್ನು ಮೊದಲ ಸಲ ನೋಡುವುದು ಸತ್ತು ದಡಕ್ಕೆ ಬಂದಾಗ. ಗುರುತಿಸಲು ಸಂದೇಹವಾದರೆ ಹಲ್ಲು ನೋಡಿದರೆ ಸಾಕು. ಡಾಲ್ಫಿನ್‌ದು ಮೊಳೆಯಂತೆ ಚೂಪು, ಪಾರ್ಪಾಯಿಸ್‌ದು ಚಪ್ಪಟೆ.

ಆಳದ ತಿಮಿಂಗಿಲಗಳೂ ಆಗಾಗ ಬರುತ್ತವೆ. 2016ರ ಜನವರಿ ಕೊನೆಯಲ್ಲಿ ಜುಹೂ ಬೀಚ್‌ಗೆ ಬಂದು ಬಿದ್ದ ಸುಮಾರು ಮೂವತ್ತು ಅಡಿಯ ಬ್ರೈಡ್ಸ್ ತಿಮಿಂಗಿಲವನ್ನು ನೋಡಲು ಇಡೀ ಮುಂಬೈ ಮುಗಿಬಿದ್ದಿತ್ತು.

ನೆಲವೇ ಕೊಲ್ಲುವುದು ಹೇಗೆ

ನೀರಿನಿಂದ ಹೊರಬಿದ್ದ ಮೀನು ಉಸಿರಿಲ್ಲದೆ ಸಾಯುತ್ತದೆ, ಡಾಲ್ಫಿನ್‌ದೂ ಅದೇ ಕಥೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಆದ್ದರಿಂದಲೇ ಬೇಗ ನೀರಿಗೆ ಹಾಕುವ ಆತುರ. ಆದರೆ ಡಾಲ್ಫಿನ್ ಮೀನಲ್ಲ, ಹಸು ನಾಯಿಗಳಂತೆ ಸಸ್ತನಿ. ಅದಕ್ಕಿರುವುದು ಶ್ವಾಸಕೋಶ. ನೆತ್ತಿಯ ಮೇಲಿನ ಒಂದೇ ಹೊಳ್ಳೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ಮರಳ ಮೇಲೂ ಅದು ಉಸಿರಾಡಬಲ್ಲದು. ಅದಕ್ಕೆ ಅಪಾಯ ಬೇರೆ ಕಡೆಯಿಂದ ಬರುತ್ತದೆ.

ಮೊದಲನೆಯದು ತೂಕ. ನೀರಲ್ಲಿ ಅದರ ಮೈಭಾರವನ್ನು ನೀರೇ ಹೊರುತ್ತದೆ. ನೆಲದ ಮೇಲೆ 150–200 ಕೆ.ಜಿ. ಭಾರವೆಲ್ಲ ಎದೆಯ ಮೇಲೂ ಹೊಟ್ಟೆಯ ಮೇಲೂ ಬೀಳುತ್ತದೆ. ಶ್ವಾಸಕೋಶ ಪೂರ್ತಿ ಹಿಗ್ಗುವುದಿಲ್ಲ, ಅಡಿಯಲ್ಲಿ ಸಿಕ್ಕಿದ ಮಾಂಸಖಂಡಕ್ಕೆ ರಕ್ತ ಹರಿಯುವುದಿಲ್ಲ. ಗಂಟೆಗಳು ಕಳೆದಂತೆ ಆ ಮಾಂಸಖಂಡ ಒಡೆದು, ಅದರೊಳಗಿನ ಮಯೋಗ್ಲೋಬಿನ್ ಎಂಬ ವಸ್ತು ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕಟ್ಟಿಹಾಕುತ್ತದೆ. ಹೀಗಾಗಿಯೇ ಕಡಲಿಗೆ ಮರಳಿದ ಮೇಲೂ, ಮೇಲ್ನೋಟಕ್ಕೆ ಚೆನ್ನಾಗಿ ಈಜುತ್ತಿದ್ದರೂ, ಒಂದೆರಡು ದಿನಗಳಲ್ಲಿ ಸಾಯುವ ಪ್ರಾಣಿಗಳಿವೆ. ಬೆದರಿ ಒದ್ದಾಡಿದಷ್ಟೂ ಈ ಹಾನಿ ಹೆಚ್ಚು. ಜನ ಕಿರುಚುವುದು, ಮುತ್ತಿಕೊಳ್ಳುವುದು, ಎಳೆದಾಡುವುದು ಕೊಲ್ಲುತ್ತದೆ ಎನ್ನುವುದು ಬರೀ ಮಾತಿಗೆ ಹೇಳುವುದಲ್ಲ.

ಎರಡನೆಯದು ಸೆಖೆ. ಚರ್ಮದ ಕೆಳಗಿನ ದಪ್ಪ ಕೊಬ್ಬಿನ ಪದರ ನೀರಲ್ಲಿ ಮೈಶಾಖ ಹಿಡಿದಿಡುತ್ತದೆ. ದಡದ ಮೇಲೆ ಅದು ಏಪ್ರಿಲ್ ಮಧ್ಯಾಹ್ನ ಬಯಲಲ್ಲಿ ಕಂಬಳಿ ಹೊದೆದು ಕೂತಂತೆ. ಬೆವರುವ ಅನುಕೂಲವೂ ಅದಕ್ಕಿಲ್ಲ. ಶಾಖ ಹೊರಹೋಗಲು ಉಳಿದಿರುವ ದಾರಿಯೆಂದರೆ ಕೊಬ್ಬಿಲ್ಲದ ಭಾಗಗಳು: ಎದೆಯ ಎರಡು ಈಜುರೆಕ್ಕೆಗಳು, ಬೆನ್ನಿನ ರೆಕ್ಕೆ, ಬಾಲದ ಹಾಳೆ. ಇವುಗಳ ತುಂಬ ರಕ್ತನಾಳಗಳ ಜಾಲವಿದೆ. ಇವನ್ನು ಒದ್ದೆಯಾಗಿಟ್ಟರೆ ಇಡೀ ಮೈ ತಣಿಯುತ್ತದೆ. ಮೋಡ ಕವಿದ ಮಳೆಗಾಲದಲ್ಲೂ ಈ ತೊಂದರೆ ತಪ್ಪಿದ್ದಲ್ಲ.

ಮೂರನೆಯದು ಚರ್ಮ. ಸದಾ ನೀರಲ್ಲಿರುವ ಆ ನುಣುಪು ಚರ್ಮ ಬಿಸಿಲಿಗೆ ಬೊಬ್ಬೆಯೇಳುತ್ತದೆ, ಒಣಗಿ ಬಿರಿಯುತ್ತದೆ.

ಇನ್ನೊಂದು ಸಂಗತಿ ಉಸಿರಿನದು. ನಾವು ನಿದ್ದೆಯಲ್ಲೂ ತಿಳಿಯದೆ ಉಸಿರಾಡುತ್ತೇವೆ. ಡಾಲ್ಫಿನ್ ಪ್ರತಿ ಉಸಿರನ್ನೂ ತಾನಾಗಿ ತೆಗೆದುಕೊಳ್ಳಬೇಕು, ಅದಕ್ಕಾಗಿ ಮಿದುಳಿನ ಅರ್ಧ ಭಾಗವನ್ನು ಎಚ್ಚರವಿಟ್ಟುಕೊಂಡೇ ನಿದ್ದೆ ಮಾಡುತ್ತದೆ. ನಿತ್ರಾಣವಾದ ಡಾಲ್ಫಿನ್‌ಗೆ ಮೇಲೆ ಬಂದು ಹೊಳ್ಳೆ ತೆರೆಯುವಷ್ಟು ಶಕ್ತಿಯಿಲ್ಲದಿದ್ದರೆ ನೀರೇ ಅದರ ಸಾವಿಗೆ ಕಾರಣ. ದಡದ ಮೇಲೆ ಮಲಗಿದ್ದಾಗ ಕನಿಷ್ಠ ಉಸಿರಾದರೂ ಸಿಗುತ್ತಿತ್ತು. ದುರ್ಬಲ ಪ್ರಾಣಿಯನ್ನು ಅಲೆಗೆ ನೂಕಿದಾಗ ನಾವು ಕಸಿದುಕೊಳ್ಳುವುದು ಆ ಒಂದು ಆಸರೆಯನ್ನೇ.

ದಡಕ್ಕೆ ಬಂದದ್ದಾದರೂ ಏಕೆ?

ಜೀವಂತವಾಗಿ ದಡ ಸೇರುವ ಒಂಟಿ ಡಾಲ್ಫಿನ್ ಬಹುಪಾಲು ಮೊದಲೇ ಕಾಯಿಲೆ ಬಿದ್ದದ್ದು ಅಥವಾ ಗಾಯಗೊಂಡದ್ದು. ಶ್ವಾಸಕೋಶದಲ್ಲೋ ಕಿವಿಯ ಕುಹರದಲ್ಲೋ ಹುಳು ತುಂಬಿರುತ್ತದೆ, ಸೋಂಕಿರುತ್ತದೆ, ಬೋಟಿನ ಪ್ರೊಪೆಲರ್ ಏಟಿರುತ್ತದೆ, ಬಲೆಯಿಂದ ಬಿಡಿಸಿಕೊಳ್ಳುವಾಗ ಸೋತಿರುತ್ತದೆ. ತಾಯಿಯಿಂದ ತಪ್ಪಿದ ಮರಿಯೂ ಆಗಿರಬಹುದು. ಡಾಲ್ಫಿನ್‌ಗೆ ಬೇಕಾದ ನೀರಿನಂಶ ಬರುವುದು ತಿಂದ ಮೀನಿನಿಂದ. ಹಾಗಾಗಿ ಕೆಲವು ದಿನ ಬೇಟೆಯಾಡದಿದ್ದರೆ ಕಡಲ ನಡುವೆಯೇ ಬಾಯಾರಿ ಬಳಲುತ್ತದೆ.

ಆರೋಗ್ಯವಿದ್ದೂ ಸಿಕ್ಕಿಬೀಳುವುದು ಅಪರೂಪ. ಅಂಥ ಪ್ರಸಂಗಗಳಲ್ಲಿ ಉಬ್ಬರವಿಳಿತದ ಪಾತ್ರವಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ಮುಂಬೈಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಣ ವ್ಯತ್ಯಾಸ ಐದು ಮೀಟರ್ ಹತ್ತಿರ ಹೋಗುತ್ತದೆ. ಗೋವಾದಲ್ಲಿ ಸುಮಾರು ಎರಡು ಮೀಟರ್. ಜುಹೂವಿನಂಥ ಸಪಾಟು ದಡದಲ್ಲಿ ನೀರು ಬಹುದೂರ ಹಿಂದೆ ಸರಿದುಬಿಡುತ್ತದೆ. ಮೀನಿನ ಹಿಂದೆ ತೀರಾ ಒಳಗೆ ಬಂದ ಪ್ರಾಣಿ ಕುಳಿಯಲ್ಲೋ ಬಂಡೆಯ ನಡುವೆಯೋ ಉಳಿದರೆ ಮುಂದಿನ ಉಬ್ಬರಕ್ಕೆ ಆರು ಗಂಟೆ ಕಾಯಬೇಕು.

ಹಿಂಡಾಗಿ ಬದುಕುವ ಪೈಲಟ್ ತಿಮಿಂಗಿಲಗಳ ವಿಷಯ ಇನ್ನೂ ಕಷ್ಟದ್ದು. 2016ರ ಜನವರಿಯಲ್ಲೇ ತಮಿಳುನಾಡಿನ ತೂತ್ತುಕುಡಿ ಜಿಲ್ಲೆಯ ಮಣಪಾಡ್ ಸುತ್ತ ಸುಮಾರು 80 ಪೈಲಟ್ ತಿಮಿಂಗಿಲಗಳು ದಡ ಸೇರಿದವು. ಮೀನುಗಾರರು ರಾತ್ರಿಯಿಡೀ ಶ್ರಮಪಟ್ಟು ನೀರಿಗೆ ಬಿಟ್ಟವುಗಳಲ್ಲಿ ಹಲವು ಮತ್ತೆ ದಡಕ್ಕೇ ಬಂದವು, 40ಕ್ಕೂ ಹೆಚ್ಚು ಸತ್ತವು. ಜೊತೆಗಾರ ಸಂಕಟದಲ್ಲಿದ್ದರೆ ಹಿಂಡು ಬಿಟ್ಟು ಹೋಗದ ಪ್ರಾಣಿಗಳವು.

ಕಣ್ಣಿಗೆ ಬಿದ್ದ ಮೇಲಿನ ಅರ್ಧ ಗಂಟೆ

ಮೊದಲು ಫೋನ್, ಆಮೇಲೆ ಫೋಟೊ. ಮಹಾರಾಷ್ಟ್ರದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926. ಕರಾವಳಿಯ ವನ್ಯಜೀವಿಗಳ ಕೆಲಸಕ್ಕೆ 2012ರಿಂದ ಮ್ಯಾಂಗ್ರೋವ್ ಸೆಲ್ ಎಂಬ ಪ್ರತ್ಯೇಕ ವಿಭಾಗವೇ ಇದೆ, ಕರೆ ಅಲ್ಲಿಗೆ ಮುಟ್ಟಬೇಕೆಂದು ಹೇಳಿ. ಗೋವಾದ ಬೀಚ್‌ನಲ್ಲಿದ್ದರೆ ಹತ್ತಿರದ ದೃಷ್ಟಿ ಸಂಸ್ಥೆಯ ಜೀವರಕ್ಷಕರ ಗೋಪುರಕ್ಕೆ ಓಡಿ, ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ. ಯಾರೂ ಸಿಗದಿದ್ದರೆ ಎರಡೂ ಕಡೆ 112 ಇದೆ. ಭಾಷೆ ಬಾರದೆಂದು ಹಿಂಜರಿಯಬೇಡಿ. ಮುಂಬೈಯಲ್ಲಿ "ಡಾಲ್ಫಿನ್ ಜಿವಂತ್ ಆಹೆ, ಶ್ವಾಸ್ ಘೇತ್ ಆಹೆ", ಗೋವಾದಲ್ಲಿ "ಡಾಲ್ಫಿನ್ ಜಿವೊ ಆಸಾ" ಎಂದರೆ ಸಾಕು, ಉಳಿದದ್ದು ಹಿಂದಿಯಲ್ಲಿ ನಡೆಯುತ್ತದೆ. ಅವರಿಗೆ ಬೇಕಾದ ವಿವರ ಐದು: ಜೀವಂತವೋ ಸತ್ತಿದೆಯೋ, ಎಷ್ಟು ಉದ್ದ, ಮೈಮೇಲೆ ಗಾಯ ಅಥವಾ ಬಲೆಯ ತುಂಡು ಇದೆಯೇ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ, ಜಾಗದ ಗುರುತು ಯಾವುದು. ಜಾಗವನ್ನು ವಾಟ್ಸಾಪ್‌ನಲ್ಲಿ ಲೊಕೇಶನ್ ಆಗಿ ಕಳಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ಗುಂಪು ನಿಯಂತ್ರಣ. ನಾಲ್ಕೈದು ಜನ ಸಾಕು, ಉಳಿದವರನ್ನೂ ಬೀದಿನಾಯಿಗಳನ್ನೂ ಇಪ್ಪತ್ತು ಮೂವತ್ತು ಹೆಜ್ಜೆ ಆಚೆ ನಿಲ್ಲಿಸಿ. ಈ ಒಂದು ಕೆಲಸ ಮಾಡಿದರೂ ದೊಡ್ಡ ಉಪಕಾರ. ಹತ್ತಿರ ಹೋಗುವವರು ಬಾಲದ ಕಡೆ ನಿಲ್ಲಬಾರದು, ಒಂದು ಬೀಸಿಗೆ ಮನುಷ್ಯನ ಕಾಲು ಮುರಿಯುತ್ತದೆ. ಹೊಳ್ಳೆಯ ಮೇಲೆ ಮುಖ ಬಾಗಿಸಬಾರದು. ಅದರ ಉಸಿರಿನ ತುಂತುರಿನಲ್ಲಿ, ಗಾಯದ ರಸದಲ್ಲಿ ಬ್ರುಸೆಲ್ಲಾದಂಥ, ಮನುಷ್ಯರಿಗೂ ಅಂಟುವ ರೋಗಾಣುಗಳಿರಬಹುದು. ಕೈಗೆ ಗ್ಲೌಸ್ ಇರಲಿ, ಮುಖಕ್ಕೆ ಮಾಸ್ಕ್ ಇರಲಿ. ಕೈಯಲ್ಲಿ ಗಾಯವಿದ್ದವರು ಮುಟ್ಟದಿರುವುದೇ ಲೇಸು.

ಪ್ರಾಣಿ ಪಕ್ಕಕ್ಕೆ ವಾಲಿದ್ದರೆ ಹೊಳ್ಳೆಗೆ ಮರಳೋ ನೀರೋ ನುಗ್ಗುತ್ತದೆ. ಇಬ್ಬರು ಮೂವರು ಸೇರಿ ಮೆಲ್ಲಗೆ ಹೊಟ್ಟೆ ಕೆಳಗಾಗಿ ಮಲಗಿಸಿ. ಹಾಗೆ ತಿರುಗಿಸುವಾಗ ಈಜುರೆಕ್ಕೆಗಳನ್ನು ಮೈಗೆ ಒತ್ತಿ ಮಡಚಿಟ್ಟುಕೊಳ್ಳಬೇಕು. ಅವನ್ನು ಹಿಡಿಕೆಯಂತೆ ಹಿಡಿದು ಎತ್ತಿದರೆ ಸಂಧಿ ತಪ್ಪುತ್ತದೆ. ಬಾಲ ಹಿಡಿದು ಎಳೆದರೆ ಬೆನ್ನುಮೂಳೆಯ ಕೀಲುಗಳೇ ಬಿಡುತ್ತವೆ. ವಿಡಿಯೊಗಳಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು ಇದೇ. ಹೊಟ್ಟೆ ಕೆಳಗಾದ ಮೇಲೆ ಎದೆಯ ಎರಡು ಈಜುರೆಕ್ಕೆಗಳ ಅಡಿಯಲ್ಲಿ ಕೈಯಿಂದಲೇ ಒಂದೊಂದು ಗುಳಿ ತೋಡಿ, ನೀರು ತುಂಬಿಸಿ. ಈಜುರೆಕ್ಕೆಗಳು ಅದರಲ್ಲಿ ಇಳಿಬಿದ್ದರೆ ಎದೆಯ ಮೇಲಿನ ಒತ್ತಡವೂ ತಗ್ಗುತ್ತದೆ, ಮೈಯೂ ತಣಿಯುತ್ತದೆ.

ಬಿಳಿ ಅಥವಾ ತಿಳಿಬಣ್ಣದ ಹತ್ತಿ ಬಟ್ಟೆ ಸಿಕ್ಕರೆ ಕಡಲ ನೀರಲ್ಲಿ ಅದ್ದಿ ಬೆನ್ನಿಗೆ ಹೊದಿಸಿ. ಹಳೆಯ ಪಂಚೆ, ಬೆಡ್‌ಶೀಟ್, ಟವೆಲ್ ಯಾವುದಾದರೂ ಆಗುತ್ತದೆ. ಹೊಳ್ಳೆ ಮಾತ್ರ ಸದಾ ತೆರೆದಿರಬೇಕು. ನೀರು ಹೊಯ್ಯುವಾಗ ಹೊಳ್ಳೆಯಿಂದ ಗೇಣು ಎರಡು ಗೇಣು ದೂರವಿರಿ. ಅದು ಉಸಿರು ಬಿಟ್ಟು, ಎಳೆದುಕೊಂಡು, ಹೊಳ್ಳೆ ಮುಚ್ಚಿದ ಮೇಲೆ ಹೊಯ್ಯಿರಿ. ಬಕೆಟ್‌ನಿಂದ ಧೋ ಎಂದು ಸುರಿಯುವುದಕ್ಕಿಂತ ತೂತು ಮಾಡಿದ ಬಾಟಲಿಯಿಂದ ಸ್ವಲ್ಪಸ್ವಲ್ಪವಾಗಿ ಹನಿಸುವುದು ಒಳ್ಳೆಯದು. ಬಿಸಿಲಿದ್ದರೆ ಕೊಡೆ, ತಾಡಪಾಲು, ಶ್ಯಾಕಿನ ದೊಡ್ಡ ಛತ್ರಿ ಯಾವುದರಿಂದಾದರೂ ನೆರಳು ಮಾಡಿ.

ಬಾಯಿಗೆ ನೀರು, ಮೀನು, ಹಾಲು ಏನನ್ನೂ ಹಾಕಬೇಡಿ. ಭಕ್ತಿಯಿಂದ ಅರಿಶಿನ, ಕುಂಕುಮ ಹಚ್ಚುವವರಿದ್ದಾರೆ. ಗಾಯಕ್ಕೆ ಎಣ್ಣೆ, ಸನ್‌ಸ್ಕ್ರೀನ್ ಬಳಿಯುವವರೂ ಇದ್ದಾರೆ. ಬಿರಿದ ಚರ್ಮಕ್ಕೆ ಇವೆಲ್ಲ ಉರಿ. ಅವರಿಗೆ ನೋವಾಗದಂತೆ ಹೇಳಿ ತಡೆಯಬೇಕು.

ಕಾಯುವಾಗ ಮಾಡಬಹುದಾದ ಬಹಳ ಉಪಯೋಗದ ಕೆಲಸವೊಂದಿದೆ, ಉಸಿರು ಎಣಿಸುವುದು. ಹೊಳ್ಳೆ ತೆರೆದು ಪುಸ್ ಎಂದು ಬಿಟ್ಟು, ತಕ್ಷಣ ಎಳೆದುಕೊಂಡು, ಟಪ್ ಎಂದು ಮುಚ್ಚುವುದು ಒಂದು ಉಸಿರು. ಆರೋಗ್ಯವಿರುವ ಸಣ್ಣ ಡಾಲ್ಫಿನ್ ನಿಮಿಷಕ್ಕೆ ಸುಮಾರು 2ರಿಂದ 5 ಸಲ ಉಸಿರಾಡುತ್ತದೆ. ಹತ್ತು ದಾಟಿತೆಂದರೆ ಹೆದರಿದೆ ಅಥವಾ ತೀವ್ರ ತೊಂದರೆಯಲ್ಲಿದೆ. ಹತ್ತು ನಿಮಿಷಕ್ಕೊಮ್ಮೆ ಎಣಿಸಿ, ಗಂಟೆಯ ಸಮೇತ ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಬಂದ ಪಶುವೈದ್ಯರಿಗೆ ಆ ಪಟ್ಟಿ ಸಿಕ್ಕರೆ ಪ್ರಾಣಿ ಸುಧಾರಿಸುತ್ತಿದೆಯೋ ಇಳಿಮುಖವಾಗಿದೆಯೋ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಉಬ್ಬರ ಏರಿ ಅಲೆ ತಾಗತೊಡಗಿದರೆ ಏನು? ಹೊಳ್ಳೆ ನೀರ ಮೇಲಿರುವಂತೆ ಇಬ್ಬದಿಯಿಂದ ಆನಿಸಿ ಹಿಡಿಯಬೇಕು. ಅಲೆ ಅದನ್ನು ಬಂಡೆಗೆ ಬಡಿಯುತ್ತಿದ್ದರೆ ಮಾತ್ರ ತಾಡಪಾಲನ್ನು ಅಡಿಗೆ ಸರಿಸಿ, ಆರೆಂಟು ಜನ ಸಮವಾಗಿ ಎತ್ತಿ ಮರಳಿಗೆ ಒಯ್ಯಿರಿ. ಮುಂಗಾರಿನ ಕಡಲಿಗೆ ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು. ಕೆಂಪು ಬಾವುಟವಿದ್ದರೆ ಪಾದವನ್ನೂ ಇಡಬಾರದು. ಡಾಲ್ಫಿನ್ ಉಳಿಸಲು ಹೋದವರ ಜೀವ ಹೋದರೆ ಅದಕ್ಕಿಂತ ದುಃಖ ಬೇರೆಯಿಲ್ಲ.

ಹಾಗಾದರೆ ಕಡಲಿಗೆ ಬಿಡುವುದೇ ಇಲ್ಲವೇ?

ಬಿಡುತ್ತಾರೆ, ಪರೀಕ್ಷಿಸಿ ಬಿಡುತ್ತಾರೆ. ಕೇಂದ್ರ ಪರಿಸರ ಸಚಿವಾಲಯ 2021ರ ಜನವರಿಯಲ್ಲಿ ದಡ ಸೇರುವ ಕಡಲಪ್ರಾಣಿಗಳ ನಿರ್ವಹಣೆಗೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿದೆ. ಪ್ರಾಣಿ ಚುರುಕಾಗಿದ್ದು, ಮೈಕೈ ತುಂಬಿಕೊಂಡಿದ್ದು, ದೊಡ್ಡ ಗಾಯವಿಲ್ಲದಿದ್ದರೆ ಬಿಡಲು ಯೋಗ್ಯ. ಕತ್ತಿನ ಹಿಂಭಾಗ ಒಳಕ್ಕೆ ಕುಸಿದು, ಪಕ್ಕೆಲುಬು ಎದ್ದು ಕಾಣುತ್ತಿದ್ದರೆ ಬಹಳ ದಿನದಿಂದ ಕಾಯಿಲೆ ಬಿದ್ದದ್ದೆಂದು ಅರ್ಥ, ಅಂಥದ್ದನ್ನು ಬಿಟ್ಟರೂ ಪ್ರಯೋಜನವಿಲ್ಲ.

ಬಿಡುವ ಕ್ರಮವೂ ನಿಧಾನದ್ದು. ಹೊತ್ತುಗಟ್ಟಲೆ ಒಂದೇ ಮಗ್ಗುಲಲ್ಲಿ ಬಿದ್ದ ಡಾಲ್ಫಿನ್ ಸಮತೋಲ ಕಳೆದುಕೊಂಡಿರುತ್ತದೆ. ನೀರಿಗೆ ಬಿಟ್ಟ ಕೂಡಲೇ ಮಗುಚಿಕೊಳ್ಳುತ್ತದೆ, ಹೊಳ್ಳೆ ನೀರೊಳಗಾಗುತ್ತದೆ. ಆದ್ದರಿಂದ ಸೊಂಟದಷ್ಟು ಶಾಂತ ನೀರಿನಲ್ಲಿ ಜೋಳಿಗೆಯಲ್ಲಿ ಹಿಡಿದು ಎಡಬಲಕ್ಕೆ ಮೆಲ್ಲಗೆ ತೂಗುತ್ತಾರೆ. ತಾನಾಗಿ ನೆಟ್ಟಗೆ ನಿಂತು, ಉಸಿರಿಗೆ ತಲೆಯೆತ್ತಿ, ಬಾಲ ಬಡಿಯುವವರೆಗೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಆಮೇಲೆ ಅಲೆ ಒಡೆಯುವ ಸಾಲಿನ ಆಚೆಗೊಯ್ದು ಬಿಡುತ್ತಾರೆ, ಮುಂದಿನ ಒಂದೆರಡು ದಿನ ಅಕ್ಕಪಕ್ಕದ ದಡಗಳ ಮೇಲೆ ಕಣ್ಣಿಡುತ್ತಾರೆ. ಜುಲೈ ತಿಂಗಳ ಜುಹೂ ಅಲೆಯಲ್ಲಿ ಸೊಂಟದಷ್ಟು ಶಾಂತ ನೀರು ಎಲ್ಲಿ ಸಿಗಬೇಕು? ಅದಕ್ಕೇ ಖಾಡಿಯಂಥ ಮರೆಯ ಜಾಗಕ್ಕೆ ಸಾಗಿಸಬೇಕಾಗುತ್ತದೆ, ಅದು ವೈದ್ಯರಿಗೆ ಬಿಟ್ಟ ತೀರ್ಮಾನ.

ಬಲೆಯಲ್ಲಿ ಸಿಕ್ಕಿದರೆ

ಡಾಲ್ಫಿನ್ ಮತ್ತು ಮೀನುಗಾರ ಒಂದೇ ಮೀನಿನ ಹಿಂದೆ, ಒಂದೇ ನೀರಿನಲ್ಲಿ ಓಡಾಡುವವರು. ಡಾಲ್ಫಿನ್ ಸುಳಿದ ಕಡೆ ಮೀನಿದೆ ಎಂದು ಬಲೆ ಬಿಡುವುದು ಕೊಂಕಣದ ದೋಣಿಗಳಲ್ಲಿ ಹಳೆಯ ರೂಢಿ. ಬಲೆಯಿಂದಲೇ ಮೀನು ಕಿತ್ತು ತಿಂದು ಬಲೆ ಹರಿಯುವುದು ಅದರ ಇನ್ನೊಂದು ಮುಖ. 1950ರ ದಶಕದ ನಂತರ ಹತ್ತಿದಾರದ ಬಲೆ ಹೋಗಿ ನೈಲಾನ್ ಬಂದ ಮೇಲೆ ಈ ನಂಟು ಡಾಲ್ಫಿನ್‌ಗೆ ದುಬಾರಿಯಾಯಿತು. ಡಾಲ್ಫಿನ್ ಶಬ್ದ ಹೊರಡಿಸಿ, ಅದರ ಮಾರ್ದನಿಯಿಂದ ಎದುರಿಗಿರುವುದನ್ನು ತಿಳಿಯುತ್ತದೆ. ನೀರಲ್ಲಿ ಗೋಡೆಯಂತೆ ಇಳಿಬಿಟ್ಟು ಮೀನಿನ ಕಿವಿರು ಸಿಕ್ಕಿಸಿ ಹಿಡಿಯುವ, ಎಳೆ ತೆಳುವಾದ ನೈಲಾನ್ ಗಿಲ್‌ನೆಟ್‌ನಿಂದ ಬರುವ ಮಾರ್ದನಿ ತೀರಾ ಕ್ಷೀಣ. ಸಿಕ್ಕಿಕೊಂಡು ಒದ್ದಾಡಿದಷ್ಟೂ ಬಲೆ ಸುತ್ತುತ್ತದೆ, ಮೇಲೆ ಬರಲಾಗದೆ ಕೆಲವೇ ನಿಮಿಷಗಳಲ್ಲಿ ಉಸಿರುಕಟ್ಟುತ್ತದೆ. ದಡದಿಂದ ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಯಲ್ಲಿ ಸುತ್ತುವರಿದದ್ದಕ್ಕೆ ಇಷ್ಟು ಅಪಾಯವಿಲ್ಲ. ಮೇಲಿನ ಹಗ್ಗವನ್ನು ಒಂದು ಕಡೆ ನೀರೊಳಗೆ ತಗ್ಗಿಸಿದರೆ ದಾಟಿ ಹೋಗುತ್ತದೆ.

ಗಿಲ್‌ನೆಟ್‌ನಲ್ಲಿ ಜೀವಂತ ಸಿಕ್ಕರೆ ಎಂಜಿನ್ ನಿಲ್ಲಿಸಿ, ಬಲೆಯನ್ನು ಜೋರಾಗಿ ಎಳೆಯದೆ ದೋಣಿಯ ಮಗ್ಗುಲಿಗೆ ತನ್ನಿ. ಮೊದಲು ತಲೆಯನ್ನು ನೀರ ಮೇಲೆ ಆನಿಸಿ ಹಿಡಿಯಿರಿ, ಉಸಿರು ಸಿಕ್ಕರೆ ಒದ್ದಾಟ ತಾನಾಗಿ ಇಳಿಯುತ್ತದೆ. ಆಮೇಲೆ ಬಲೆ ಕತ್ತರಿಸಿ. ಕತ್ತಿಯ ಬಾಯಿ ಚರ್ಮದ ಕಡೆಗಲ್ಲ, ಹೊರಕ್ಕಿರಬೇಕು. ಕೊಕ್ಕೆ ಹಾಕಿ ದೋಣಿಯೊಳಗೆ ಎತ್ತಬಾರದು. ಬಾಲದ ಬುಡದಲ್ಲಿ ಒಂದು ಸುತ್ತು ದಾರ ಉಳಿದರೂ ಅದು ಪ್ರಾಣಿ ಬೆಳೆದಂತೆ ಮಾಂಸದೊಳಗೆ ಇಳಿಯುತ್ತದೆ, ಹಾಗಾಗಿ ಕೊನೆಯ ಎಳೆಯವರೆಗೂ ನೋಡಿ.

ಬಲೆ ಹೋದರೆ ನಷ್ಟ ಯಾರಿಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಹಾರಾಷ್ಟ್ರದಲ್ಲಿ 2018ರ ಡಿಸೆಂಬರ್‌ನಿಂದ ಇದಕ್ಕೊಂದು ಯೋಜನೆಯಿದೆ. ಡಾಲ್ಫಿನ್, ಆಮೆ, ತಿಮಿಂಗಿಲ ಶಾರ್ಕ್‌ನಂಥ ಸಂರಕ್ಷಿತ ಪ್ರಾಣಿಯನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುತ್ತಾರೆ. ಪುರಾವೆಗೆ ಫೋಟೊ, ವಿಡಿಯೊ ಬೇಕು. ಹಾಗಾಗಿ ಒಬ್ಬರು ಬಿಡಿಸುವಾಗ ಇನ್ನೊಬ್ಬರು ಮೊಬೈಲ್ ಹಿಡಿದಿರಲಿ. ಪ್ರಾಣಿ ಬಲೆಯಲ್ಲಿದ್ದದ್ದು, ಬಲೆ ಕತ್ತರಿಸಿದ್ದು, ಈಜಿ ಹೋದದ್ದು, ಈ ಮೂರೂ ಒಂದೇ ವಿಡಿಯೊದಲ್ಲಿ ಬರಬೇಕು. ಸಾಸೂನ್ ಡಾಕ್, ಭಾವೂಚಾ ಧಕ್ಕಾದ ಬೋಟುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರು ಬೋಟಿನ ಮುಖ್ಯಸ್ಥರಾದ ತಾಂಡೇಲರಿಗೆ ಈ ವಿಷಯ ಮುಟ್ಟಿಸಿದರೆ ಹೆದರಿ ಮುಚ್ಚಿಡುವ ಪ್ರಸಂಗಗಳು ಕಡಿಮೆಯಾಗುತ್ತವೆ.

ಗೋವಾದ ಸಿಂಕೇರಿ, ಪಾಳೋಳೆಗಳಿಂದ ಹೊರಡುವ ಡಾಲ್ಫಿನ್ ಟ್ರಿಪ್‌ಗಳ ಬಗ್ಗೆಯೂ ಒಂದು ಮಾತು. ನಾಲ್ಕೈದು ದೋಣಿಗಳು ಸುತ್ತುವರಿದಾಗ ಡಾಲ್ಫಿನ್ ಮೇಯುವುದನ್ನೂ ಮರಿಗೆ ಹಾಲೂಡುವುದನ್ನೂ ಬಿಟ್ಟು ಮುಳುಗುತ್ತದೆ. ಹಿಂಡಿನ ನಡುವೆ ದೋಣಿ ನುಗ್ಗಿಸದಂತೆ, ಎಂಜಿನ್ ನಿಧಾನಗೊಳಿಸಿ ದೂರದಿಂದಲೇ ನೋಡಿಸುವಂತೆ ದೋಣಿಯವರಿಗೆ ಹತ್ತುವ ಮೊದಲೇ ಹೇಳಿ. ಗಿರಾಕಿ ಕೇಳಿದರೆ ಅವರು ಕೇಳುತ್ತಾರೆ.

ಸತ್ತು ಬಂದದ್ದಾದರೆ

ಮಳೆಗಾಲದಲ್ಲಿ ಹೆಣಗಳು ಹೆಚ್ಚು ಬರುವುದೇಕೆಂದರೆ, ಆಗ ನೈಋತ್ಯದ ಗಾಳಿ ಕಡಲಲ್ಲಿ ತೇಲುವುದನ್ನೆಲ್ಲ ದಡಕ್ಕೆ ನೂಕುತ್ತದೆ. ಉಳಿದ ಕಾಲದಲ್ಲಿ ಸತ್ತವು ಮುಳುಗಿಯೋ ಆಳಕ್ಕೆ ತೇಲಿಯೋ ಹೋಗುತ್ತವೆ. ಎಂದರೆ ದಡದಲ್ಲಿ ಕಂಡ ಹೆಣಗಳ ಲೆಕ್ಕ ನಿಜವಾದ ಸಾವಿನ ಒಂದು ಪಾಲಷ್ಟೇ. ಜೂನ್ ಮೊದಲ ವಾರದಲ್ಲಿ, ಯಾಂತ್ರಿಕ ಮೀನುಗಾರಿಕೆಯ ನಿಷೇಧ ಶುರುವಾದ ಮೇಲೂ, ಬಲೆಯ ಗುರುತಿರುವ ಹಳೆಯ ಹೆಣಗಳು ಬರುವುದಕ್ಕೆ ಇದೇ ಕಾರಣವಿರಬಹುದು.

ಹೆಣವೂ ಮಾಹಿತಿಯ ಗಣಿ, ಆದ್ದರಿಂದ ಅದಕ್ಕೂ ಕರೆ ಮಾಡಬೇಕು. ತಜ್ಞರು ಸ್ಥಿತಿಯನ್ನು ಐದು ಮಟ್ಟಗಳಲ್ಲಿ ಬರೆದುಕೊಳ್ಳುತ್ತಾರೆ: ಜೀವಂತ, ಹೊಸದಾಗಿ ಸತ್ತದ್ದು, ಕೊಳೆಯತೊಡಗಿದ್ದು, ಪೂರ್ತಿ ಕೊಳೆತದ್ದು, ಒಣಚರ್ಮ–ಮೂಳೆ. ಎರಡನೆಯ ಮಟ್ಟದಲ್ಲಿ ಸಿಕ್ಕರೆ ಸಾವಿನ ಕಾರಣ ಹೇಳಲು ಸಾಧ್ಯ. ಈ ಸೆಖೆಯಲ್ಲಿ ಅದು ಒಂದು ದಿನದೊಳಗೆ ಕೈತಪ್ಪುತ್ತದೆ.

ಅವರು ಬರುವ ಮೊದಲು ಅಲೆ ಒಯ್ದುಬಿಡಬಹುದು. ಅಷ್ಟರಲ್ಲಿ ನೀವು ಅಳತೆ ತೆಗೆಯಬಹುದು. ಟೇಪನ್ನು ಮೈಯ ಉಬ್ಬಿನ ಮೇಲೆ ಹಾಯಿಸಬಾರದು, ಪಕ್ಕದಲ್ಲಿ ನೆಲದ ಮೇಲೆ ನೇರವಾಗಿ, ಮೇಲ್ದವಡೆಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ಹಿಡಿಯಬೇಕು. ಟೇಪಿಲ್ಲದಿದ್ದರೆ ಚಪ್ಪಲಿಯೋ ನೀರಿನ ಬಾಟಲಿಯೋ ಪಕ್ಕದಲ್ಲಿಟ್ಟು ಫೋಟೊ ತೆಗೆದರೆ ಆಮೇಲೆ ಲೆಕ್ಕ ಹಾಕಬಹುದು. ಬೆನ್ನಿನ ರೆಕ್ಕೆಯ ಎರಡೂ ಬದಿ, ಬಾಯೊಳಗಿನ ಹಲ್ಲು, ಹೊಟ್ಟೆಯ ಹಿಂಭಾಗ ಇವುಗಳ ಫೋಟೊ ಬೇಕು. ಹೊಟ್ಟೆಯ ಹಿಂದೆ ಒಂದೇ ಉದ್ದ ಸೀಳು, ಅದರ ಇಬ್ಬದಿ ಚಿಕ್ಕ ಮೊಲೆಸೀಳುಗಳು ಇದ್ದರೆ ಹೆಣ್ಣು. ಎರಡು ಸೀಳುಗಳು ಅಂತರ ಬಿಟ್ಟು ಇದ್ದರೆ ಗಂಡು. ಮೂತಿ ಮತ್ತು ಈಜುರೆಕ್ಕೆಗಳ ಅಂಚಿನಲ್ಲಿ ತೆಳು ದಾರ ಕೊರೆದ ಗೆರೆಗಳಿವೆಯೇ, ಈಜುರೆಕ್ಕೆ ಅಥವಾ ಬಾಲ ಕತ್ತಿಯಿಂದ ಕೊಯ್ದಂತೆ ನೇರವಾಗಿ ತುಂಡಾಗಿದೆಯೇ ಎಂದು ಹತ್ತಿರದಿಂದ ತೆಗೆಯಿರಿ. ಇವು ಬಲೆಯ ಸಾಕ್ಷಿ. ಹೊಟ್ಟೆ ಉಬ್ಬಿದ ದೊಡ್ಡ ತಿಮಿಂಗಿಲದ ಹತ್ತಿರ ಮಾತ್ರ ಹೋಗಬೇಡಿ, ಒಳಗಿನ ಅನಿಲದಿಂದ ಅದು ಒಡೆಯಬಹುದು.

ಮೀನುಗಾರಿಕೆಯ ಬಲೆಯ ಚೂರು ಸುತ್ತಿಕೊಂಡು ಜೀವಂತವಾಗಿ ಬಂದ ಆಮೆಗೂ ಈ ಹೊತ್ತಿನಲ್ಲಿ ಅದೇ ನಿಯಮ, ಕಡಲಿಗೆ ಮರಳಿಸಬೇಡಿ. ನೆರಳಿನಲ್ಲಿಟ್ಟು ಚಿಪ್ಪಿಗೆ ಒದ್ದೆ ಬಟ್ಟೆ ಹೊದಿಸಿ. ನೀರು ತುಂಬಿದ ಟಬ್‌ಗೆ ಹಾಕಬಾರದು, ತಲೆಯೆತ್ತುವ ಶಕ್ತಿಯಿಲ್ಲದ ಆಮೆ ಮೊಣಕೈಯಷ್ಟು ನೀರಲ್ಲೂ ಮುಳುಗಿ ಸಾಯುತ್ತದೆ.

ನೆನಪಿಗೆಂದು ಹಲ್ಲು, ಮೂಳೆ ಕೀಳುವುದು ಅಪರಾಧ. ಗೂನುಬೆನ್ನಿನ ಡಾಲ್ಫಿನ್, ರೆಕ್ಕೆಯಿಲ್ಲದ ಪಾರ್ಪಾಯಿಸ್ ಎರಡೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಕಾಯ್ದೆ ಮೀರಿದರೆ ಮೂರರಿಂದ ಏಳು ವರ್ಷ ಸೆರೆ, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಆ ಹಲ್ಲನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವರ್ಷಕ್ಕೊಂದರಂತೆ ಪದರ ಕಾಣುತ್ತದೆ, ಪ್ರಾಣಿಯ ವಯಸ್ಸು ಸಿಗುವುದು ಅಲ್ಲೇ. ಹಲ್ಲು ಯಾರದೋ ಜೇಬಿಗೆ ಹೋದರೆ ಆ ಮಾಹಿತಿಯೂ ಹೋಯಿತು. ತಿಮಿಂಗಿಲದ ವಾಂತಿ ಎಂದು ಪತ್ರಿಕೆಗಳು ಕರೆಯುವ ಅಂಬರ್‌ಗ್ರಿಸ್ ಮಾರಲು ಹೋಗಿ ಮುಂಬೈ, ಪುಣೆಗಳಲ್ಲಿ ಪೊಲೀಸರ ಕೈಗೆ ಸಿಕ್ಕವರು ಅನೇಕರಿದ್ದಾರೆ. ದಡದಲ್ಲಿ ಮೇಣದಂಥ ಗಟ್ಟಿ ಉಂಡೆ ಸಿಕ್ಕರೆ ಮನೆಗೊಯ್ಯದೆ ಜಾಗದ ಫೋಟೊ ಸಮೇತ ಅರಣ್ಯ ಇಲಾಖೆಗೆ ತಿಳಿಸಿ.